ಇಲ್ಲದ ಸಾವಿನ ಸೂತಕ

ಅನ್ನೂರು ಮಾವ ಸತ್ತರೆಂದು ನಾನು ಹೇಳಿದ್ದು ಸುಳ್ಳು, ಸುಗುಣಾ. ಆಗ ನನಗೆ ನಲವತ್ತೆಂಟು. ಅದಾಗಿ ಮೂವತ್ತೈದು ವರ್ಷವಾಯಿತು. ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು — ಸಾಕಾಗಿದೆ.

ನೀನು ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಓದಿದವಳು. ಕರುಮತ್ತಂಪಟ್ಟಿಗೆ ನನ್ನ ಸೊಸೆಯಾಗಿ ಬಂದಮೇಲೆ ಆ ಮಿಷನ್ನಿನ ಮುಖ ನೋಡಿರಲಿಲ್ಲ. ನೀನು ನಮ್ಮ ಮಗ್ಗಕ್ಕೆ ನೂಲು ಸುತ್ತುತ್ತಿದ್ದೆ. ನಿನಗೆ ಪಾಠ ಹೇಳಿದ ಮೇಷ್ಟ್ರು ಒಂದು ಕೆಲಸವಿದೆ ಎಂದು ಕರೆದರು. ಸಿ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಮ್ ಬರೆಸಿದರು. ಅದು ಓಡಲಿಲ್ಲ. ಗುರುವಾರ ಬೆಳಿಗ್ಗೆ ಬಂದು ಸರಿಮಾಡಿ ತೋರಿಸು, ಇಲ್ಲದಿದ್ದರೆ ಕೆಲಸ ಇನ್ನೊಬ್ಬಳಿಗೆ ಎಂದರಂತೆ.

ಬುಧವಾರ ಸಾಯಂಕಾಲ ಕರೆಂಟು ಹೋಗಿ ಮಗ್ಗ ನಿಂತಿತ್ತು. ಮನೆ ಮುಂದಿನ ತಿಣ್ಣೆಯ ಮೇಲೆ ಕಾಗದ ನೋಡುತ್ತಾ ಕುಳಿತಿದ್ದ ನೀನು ಒಮ್ಮೆಲೇ ನಕ್ಕೆ.

"ಸಿಕ್ತು ಅತ್ತೆ. ಈ ಪ್ರೋಗ್ರಾಮ್ ತನ್ನನ್ನ ತಾನೇ ಕೂಗೋದು. ಒಂದೊಂದು ಸಲಕ್ಕೂ ನಂಬರಲ್ಲಿ ಒಂದು ಕಮ್ಮಿ ಮಾಡಿ ಕೂಗಬೇಕು, ಸೊನ್ನೆ ಬಂದ್ರೆ ನಿಲ್ಲೋದು. ನಾನು ಕಮ್ಮಿ ಮಾಡೋ ಮುಂಚೇನೇ ಕೊಟ್ಬಿಟ್ಟಿದೀನಿ. ಅದೇ ನಂಬರ್ ಇಟ್ಕೊಂಡು ಕೂಗ್ತಾನೇ ಇದೆ. ಕೈ ಮರ್ತೋಗಿದೆ ನೋಡಿ."

"ನಿನ್ ಗಂಡನ ಹಂಗೆ ಅನ್ನು. ಕಾಪಿ ಕಾಪಿ ಅಂತ."

"ಅವರಾದ್ರೂ ಕಾಪಿ ಕೊಟ್ರೆ ನಿಲ್ಲಿಸ್ತಾರೆ ಅತ್ತೆ."

ನಾನೂ ನಕ್ಕೆ. ನಗುವಾಗಲೇ ಗೊತ್ತಾಯಿತು — ನಾಳೆ ನಿನಗೆ ಕೆಲಸ ಸಿಗುತ್ತದೆ. ಆಮೇಲೆ ನೂಲು ಸುತ್ತುವವರು ಯಾರು? ಮನೆಯ ಮಾನ ಗೀನ ಎಂದರೆ ಅದು ಇನ್ನೊಂದು ಸುಳ್ಳು. ನನಗೆ ಕೈ ನೋಯುತ್ತಿತ್ತು. ಅಷ್ಟೇ.

ಗುರುವಾರ ನೀನು ಒಳ್ಳೆ ಸೀರೆ ಉಟ್ಟು ಹೊರಟಾಗ ನಾನು ಬೀದಿಯಿಂದ ಒಳಗೆ ಬಂದೆ.

"ಅನ್ನೂರು ಮಾವ ಹೋಗ್ಬಿಟ್ರಂತೆ. ಬಸ್ಸಲ್ಲಿ ಬಂದವರು ಹೇಳಿದ್ರು. ಸೂತಕ. ಹೊಸ್ಲು ದಾಟ್ಬೇಡ."

"ಇವತ್ತೇನಾ ಅತ್ತೆ?" ಎಂದು ನೀನು ಕೇಳಿದೆ.

ಅವರು ನನ್ನ ಗಂಡನಿಗೆ ದೂರದ ದಾಯಾದಿ, ನಿನಗೆ ಮಾವನ ವರಸೆ. ಅಂಥವರು ಸತ್ತರೆ ನಮ್ಮಲ್ಲಿ ಒಂದು ದಿನ ಮಗ್ಗ ಆಡಿಸುವುದಿಲ್ಲ, ಹೊರಗೆ ಹೋಗುವುದಿಲ್ಲ. ನೀನು ಸೀರೆ ಬಿಚ್ಚಿ ಮಡಿಸಿದೆ. ನನ್ನ ಮಗ ನೂಲು ತರಲು ಈರೋಡಿಗೆ ಹೋಗಿದ್ದ — ಅದನ್ನು ನೋಡಿಕೊಂಡೇ ನಾನು ಹೇಳಿದ್ದು.

ಮರುದಿನ ಸಾಯಂಕಾಲ ಅವನು ಬಂದಮೇಲೆ, ಸುದ್ದಿ ತಪ್ಪಂತೆ ಎಂದುಬಿಟ್ಟೆ. ಅವನು ನಂಬಿದ. ನೀನು ನನ್ನ ಮುಖವನ್ನೇ ನೋಡಿದೆ, ಏನೂ ಕೇಳಲಿಲ್ಲ. ಕೇಳಿದ್ದರೆ… ಬೇಡ, ಕೇಳಿದ್ದರೂ ಸುಳ್ಳೇ ಹೇಳುತ್ತಿದ್ದೆ. ಕೆಲಸ ಇನ್ನೊಬ್ಬಳಿಗೆ ಹೋಯಿತು. ನೀನು ಮತ್ತೆ ಆ ಮಿಷನ್ ಮುಟ್ಟಲಿಲ್ಲ.

ನನ್ನನ್ನು ಬಿಡದೆ ಕಾಡುವುದು ಆ ಶುಕ್ರವಾರದ ಬೆಳಿಗ್ಗೆ. ಸೂತಕ ಕಳೆಯಬೇಕೆಂದು ನಾನೇ ನೀರು ಕಾಯಿಸಿದೆ. ನಿನ್ನನ್ನು ಬಚ್ಚಲಲ್ಲಿ ಕೂರಿಸಿ, ಬದುಕಿದ್ದ ಮನುಷ್ಯನ ಹೆಸರಲ್ಲಿ ನಿನ್ನ ತಲೆಗೆ ಹೊಯ್ದೆ. ನೀನು ಅಳುತ್ತಿದ್ದದ್ದು ಆ ನೀರಿನಲ್ಲೂ ಕಾಣುತ್ತಿತ್ತು.

"ನೀರು ಸುಡ್ತಾ?" ಎಂದು ಕೇಳಿ, ಇನ್ನೊಂದು ಚೊಂಬು ಹೊಯ್ದೆ.