ದೇವರ ದೀಪದೆದುರು ಬೌಲಿಂಗ್

ಮಾಕಳಿಯ ಒಂದು ಬಾಡಿಗೆ ರೂಮಿಗೆ ಕಂಪ್ಯೂಟರ್ ಕೆಲಸಕ್ಕೆಂದು ಕರೆದಿದ್ದರು. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನಿಗೆ ಬಲಗೈ ಸಿಕ್ಕಿ ಮನೆಯಲ್ಲಿದ್ದ ಬಸಣ್ಣನವರಿಗೆ, ವ್ಯಾಯಾಮಕ್ಕೆಂದು, ಕೈ ಬೀಸಿ ಆಡುವ ಬೌಲಿಂಗ್ ಗೇಮನ್ನು ಕಂಪ್ಯೂಟರಿನಲ್ಲೇ ವಿಡಿಯೋ ಗೇಮ್ ಆಡಿಸುವ ಎಮ್ಯುಲೇಟರಿನಲ್ಲಿ ಹಾಕಿಕೊಡಬೇಕಿತ್ತು. ಕಂಟ್ರೋಲರ್ ಸೆಕೆಂಡ್ ಹ್ಯಾಂಡ್, ಅದಕ್ಕೆ ದಿಕ್ಕು ತೋರಿಸುವ, ಎರಡು ತುದಿಗೂ ಬೆಳಕಿರುವ ಸೆನ್ಸರ್ ಪಟ್ಟಿ ಇರಲಿಲ್ಲ. ಮಾನಿಟರ್ ಮುಂದೆ ಎರಡು ದೀಪ ಹಚ್ಚಿಟ್ಟರೂ ನಡೆಯುತ್ತೆ ಅಂದೆ. ಅವರ ಹೆಂಡತಿ ದೇವರ ಮುಂದಿನವನ್ನೇ ತಂದಿಟ್ಟರು.

ಬಸಣ್ಣ ಕೈ ಬೀಸಿದರು. ಮಾನಿಟರಿನ ಚೆಂಡು ಕದಲಲಿಲ್ಲ.

"ಇದು ಕೆಟ್ಟೈತ್ರಿ ಸರ."

ನಾನು ಇಸ್ಕೊಂಡು ಬೀಸಿದೆ. ಎಲ್ಲ ಪಿನ್ನುಗಳೂ ಬಿದ್ದವು. ಬಸಣ್ಣ ತಮ್ಮ ಬಲಗೈಯನ್ನೇ ತಿರುಗಿಸಿ ನೋಡಿಕೊಂಡರು. ತಡೆಯಲಾಗದೆ ಸೆಟ್ಟಿಂಗಿಗೆ ಹೋಗಿ, ಕೈ ಸ್ವಲ್ಪ ನಡುಗಿದರೂ ಚೆಂಡು ಓಡುವ ಹಾಗೆ ಮಾಡಿಟ್ಟೆ.

ಈ ಸಲ ಅವರಿಗೂ ಪಿನ್ನೆಲ್ಲ ಚೆಲ್ಲಾಪಿಲ್ಲಿ.

"ಕೈ ಸರಿ ಆತ್ ನೋಡ! ಸೋಮವಾರ ಡ್ಯೂಟಿಗೆ ಹೋಗ್ತೀನಿ" ಅಂದರು ಹೆಂಡತಿಗೆ.

ನಾನು ಸೆಟ್ಟಿಂಗ್ ಬದಲಿಸಿದ್ದನ್ನು ಕಂಡಿದ್ದ ಆಕೆ ನನ್ನ ಮುಖವನ್ನೇ ನೋಡಿದರು. ಪ್ರೆಸ್ಸಿಗೂ ಅಂಥ ಸೆಟ್ಟಿಂಗ್ ಇದೆಯಾ ಅಂತ ಕೇಳಲಿಲ್ಲ, ನನ್ನ ಪುಣ್ಯ.