ಕನ್ನಡ ಮರೆಸುವ ಸೂಜಿ

ಅರವತ್ತರ ದಶಕದ ಒಂದು ಮಳೆಗಾಲ. ನಾವು ನಾಸಿಕದ ಪಂಚವಟಿಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಊರೂರಿಗೆ ಕಾಲರಾ ಹಬ್ಬಿತ್ತು. ನಗರಸಭೆಯವರು ವಾಡೆಯಿಂದ ವಾಡೆಗೆ ಬಂದು ಸೂಜಿ ಚುಚ್ಚುತ್ತಿದ್ದರು. ಬೇಡ ಅನ್ನುವವರಲ್ಲಿ ಒಬ್ಬರಿಗೆ ತೋಳು ಬಾತುಕೊಳ್ಳುತ್ತದೆಂಬ ಭಯ, ಇನ್ನೊಬ್ಬರಿಗೆ ಔಷಧದಲ್ಲಿ ಏನು ಸೇರಿದೆಯೋ ಎಂಬ ಅನುಮಾನ. ಅತ್ತೆಯೊಡನೆ ಬೀದರದಿಂದ ಬಂದು ನಮ್ಮಲ್ಲಿದ್ದ ಮಾವನವರ ಕಾರಣ ಮಾತ್ರ ಬೇರೆ ಯಾರ ಹತ್ತಿರವೂ ಇರಲಿಲ್ಲ.

"ಸೂಜಿ ತೊಗೊಂಡ್ರ ಕನ್ನಡ ಮರೀತದ," ಅಂದರು.

ಅವರು ತಮಾಷೆ ಮಾಡುವವರಲ್ಲ. ಬಟ್ಟೆ ಅಂಗಡಿ ನಡೆಸಿದವರು, ಎಳೆದು ನೋಡದೆ ಏನನ್ನೂ ನಂಬುತ್ತಿರಲಿಲ್ಲ.

"ಹೋದ ದೀಪಾವಳಿಗೆ ಮೊಮ್ಮಕ್ಕಳು ನನ್ನ ಕೂಡ ಕನ್ನಡ ಮಾತಾಡಿದ್ವು. ಆಮ್ಯಾಲ ಸಾಲ್ಯಾಗ ಸೂಜಿ ಹಾಕಿದ್ರು. ಈಗ ಏನ್ ಕೇಳಿದ್ರೂ ಮರಾಠಿ."

"ಸಾಲಿನೇ ಮರಾಠಿ ಅದರಿ ಮಾವನೋರೆ. ಅದಕ್ಕ."

"ನಾ ಉರ್ದು ಸಾಲ್ಯಾಗ ಕಲ್ತೀನವ್ವ. ಕನ್ನಡ ಮರ್ತೀನೇನು?"

"ನಾನೂ ಮೊನ್ನೆ ದವಾಖಾನ್ಯಾಗ ಸೂಜಿ ತೊಗೊಂಡೀನ್ರಿ. ಕನ್ನಡ ಮಾತಾಡ್ಲಿಕ್ಕತ್ತೀನಲ್ರಿ."

ಅವರು ಸ್ವಲ್ಪ ಯೋಚಿಸಿದರು. "ಹೆಣ್ಮಕ್ಕಳ ಮಾತು ಅಷ್ಟ ಸಸಾರ ಮುಗಿಯಂಗಿಲ್ಲ."

ವಾಡೆಯಲ್ಲಿ ಇನ್ನೊಂದೇ ಕನ್ನಡ ಮನೆಯಿತ್ತು, ಗುಲಬರ್ಗಾದ ಬೇಳೆ ವ್ಯಾಪಾರಿ ಮತ್ತು ಅವರ ಹೆಂಡತಿಯದು. ಮಾವನವರ ಮಾತು ಕೇಳಿ ಅವರೂ ಸೂಜಿ ಬೇಡವೆಂದು ಕೂತರು.

ಸೂಜಿಯವರು ನಮ್ಮ ವಾಡೆಗೆ ಬರುವ ದಿನ ಬೆಳಿಗ್ಗೆ ಮಾವನವರಿಗೆ ತ್ರ್ಯಂಬಕೇಶ್ವರನ ನೆನಪಾಯಿತು. ಒಬ್ಬರೇ ಹೋಗುವುದು ಬೇಡವೆಂದು ಅತ್ತೆ ನನ್ನನ್ನೂ ಕಳಿಸಿದರು. ತಪ್ಪಿಸಿಕೊಂಡ ಸಂತೋಷದಲ್ಲಿ ಅವರು ಬಸ್ಸಿನ ಕಿಟಕಿ ಪಕ್ಕ ಕೂತು ಶೇಂಗಾ ತಿಂದರು. ತ್ರ್ಯಂಬಕದ ಹೊರಗೆ ಬಸ್ಸು ನಿಂತಿತು. ಸೂಜಿ ತೆಗೆದುಕೊಳ್ಳದ ಯಾತ್ರಿಕರನ್ನು ಊರೊಳಗೆ ಬಿಡುತ್ತಿರಲಿಲ್ಲ. ಆಲದ ಮರದ ಕೆಳಗೆ ಮೇಜು ಹಾಕಿಕೊಂಡು ನರ್ಸೊಬ್ಬಳು ಕೂತಿದ್ದಳು.

ಮಾವನವರು ಅವಳ ಮುಂದೆ ನಿಂತು ತಮ್ಮ ವಾದವನ್ನು ಮೊದಲಿನಿಂದ ಹೇಳತೊಡಗಿದರು, ಗಿರಾಕಿಗಳಿಂದ ಕಲಿತ ಅಚ್ಚುಕಟ್ಟಾದ ಮರಾಠಿಯಲ್ಲಿ. "ಬೋಲಾ ಆಜೋಬಾ, ಬೋಲಾ," ಮಾತಾಡಿ ಅಜ್ಜ ಎನ್ನುತ್ತ ಅವಳು ತೋಳು ಒರೆಸಿದಳು. ಮೊಮ್ಮಕ್ಕಳ ವಿಷಯಕ್ಕೆ ಬರುವಷ್ಟರಲ್ಲಿ ಸೂಜಿ ಹೋಗಿ ಬಂದಾಗಿತ್ತು.

ದೇವರ ಮುಂದೆ ಮಾವನವರು ಬಹಳ ಹೊತ್ತು ಕಣ್ಣು ಮುಚ್ಚಿ ಗೊಣಗಿದರು. ಹತ್ತಿರ ಹೋಗಿ ಕೇಳಿದೆ. ಚಿಕ್ಕಂದಿನಲ್ಲಿ ಅವರ ಅಪ್ಪ ಅಂಗಡಿಯಲ್ಲಿ ಕೂಡಿಸಿಕೊಂಡು ಕಲಿಸಿದ್ದ ಕನ್ನಡ ಮಗ್ಗಿ ಹೇಳುತ್ತಿದ್ದರು.

ಮರುದಿನ ಜ್ವರ ಬಂತು. ತೋಳು ಬಾತಿತು. ಮಂಪರಿನಲ್ಲಿ "ಪಾಣಿ ದ್ಯಾ" ಎಂದು ಮರಾಠಿಯಲ್ಲಿ ನೀರು ಕೇಳಿದರು. ಅತ್ತೆ ತಂಬಿಗೆ ಹಿಡಿದು ಹಾಗೇ ನಿಂತರು. "ಯವ್ವಾ, ಖರೇನೇ ಹೋಯ್ತಲ್ಲ," ಅಂದರು. ಒಂದು ಕ್ಷಣ ನಾನೂ ನಂಬಿದೆ.

ಜ್ವರ ಇಳಿದ ಮೇಲೆ ಎದ್ದು ಕೂತು ಮತ್ತೆ ಮಗ್ಗಿ ಶುರು ಮಾಡಿದರು. ಹದಿನೇಳರಲ್ಲಿ ನಿಂತರು. "ಹೋಯ್ತು ನೋಡು. ಹದಿನೇಳು ಹೋಯ್ತು."

"ಹದಿನೇಳು ನಿಮಗ ಯಾವಾಗ ಬರ್ತಿತ್ರಿ? ಗಿರಾಕಿ ಹದಿನೇಳು ಗಜ ಕೇಳಿದ್ರ ಹದಿನೆಂಟು ತೊಗೋ ಅಂತಿದ್ರಿ," ಅಂದರು ಅತ್ತೆ.

ಮಾವನವರು ನೆನಪು ಮಾಡಿಕೊಂಡು ಹೌದೆಂದರು, ಊಟ ಕೇಳಿದರು.

ತಾವು ಹೆದರಿಸಿದವರನ್ನು ತಾವೇ ಕರೆದೊಯ್ಯಬೇಕೆಂದು ಆಮೇಲೆ ಹಟ ಹಿಡಿದರು. ವ್ಯಾಪಾರಿ ದಂಪತಿಯನ್ನು ಒಪ್ಪಿಸಿ ದವಾಖಾನೆಗೆ ಹೊರಟರು. ಸಾಬೀತಿಗಾಗಿ ದಾರಿಯುದ್ದಕ್ಕೂ ಕನ್ನಡ ಮಾತಾಡಿದರು. ನಾನೂ ಜೊತೆಗಿದ್ದೆ. ಸಾಲಿನಲ್ಲಿ ನಿಂತಾಗ ಮರಾಠಿ ಮುದುಕಿಯೊಬ್ಬಳು, ಬಹಳ ನೋಯುತ್ತದೆಯೇ ಎಂದು ಅವರನ್ನು ಕೇಳಿದಳು. ಮಾವನವರು ತಿರುಗಿ ಸೊಗಸಾದ ಮರಾಠಿಯಲ್ಲಿ ಅವಳಿಗೆ ಧೈರ್ಯ ಹೇಳತೊಡಗಿದರು. ಅದನ್ನು ಕೇಳಿದ್ದೇ ತಡ, ವ್ಯಾಪಾರಿ ಹೆಂಡತಿಯ ಕೈ ಹಿಡಿದು ಗೇಟಿನ ಕಡೆ ಓಡಿದರು.

"ನಿಲ್ರಿ, ಇದು ಮೊದಲಿನ ಮರಾಠಿರಿ, ಸೂಜಿದಲ್ಲ," ಎನ್ನುತ್ತ ಮಾವನವರು ಬಾತ ತೋಳು ಹಿಡಿದುಕೊಂಡು ಅವರ ಹಿಂದೆ ಓಡಿದರು.

ರಸ್ತೆ ತಿರುವಿನ ಸೋಡಾ ಅಂಗಡಿ ಹತ್ತಿರ ಇಬ್ಬರೂ ಸಿಕ್ಕರು. ಅಲ್ಲಿ ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ವ್ಯಾಪಾರಿಯ ಹೆಂಡತಿಗೆ ಸಾಕಾಯಿತು.

"ನಡೀರಿ, ಮರಾಠಿ ಬಂದ್ರ ಬರ್ಲಿ. ಬಜಾರದಾಗ ಕಾಯಿಪಲ್ಯಾ ತರ್ಲಿಕ್ಕ ನನಗ ಬೇಕೇ ಆಗ್ಯದ," ಎಂದು ಆಕೆ ತಿರುಗಿ ನಡೆದು ಮೊದಲು ತೋಳು ಚಾಚಿದಳು. ವ್ಯಾಪಾರಿ ಆಕೆಯ ಹಿಂದೆ ನಿಂತರು.

ಆ ಮಳೆಗಾಲ ನಮ್ಮ ವಾಡೆಯಲ್ಲಿ ಯಾರಿಗೂ ಕಾಲರಾ ಬರಲಿಲ್ಲ. ಆಕೆಗೆ ಮರಾಠಿಯೂ ಬರಲಿಲ್ಲ. ಅದಕ್ಕಾಗಿ ಆಕೆ ನಗರಸಭೆಯವರನ್ನು ಬಹಳ ದಿನ ಬೈಯುತ್ತಿದ್ದಳು.