ಗೇಟಿನಲ್ಲಿ ಕೂಗಿದ ಗುಟ್ಟು

ಕಳೆದ ಶುಕ್ರವಾರ ನನ್ನ ಸ್ವಂತ ಮೊಮ್ಮಗಳು, ಕೊಲ್ಕತ್ತಾದ ಅರ್ಧ ಜಾದವ್‌ಪುರ ನೋಡುತ್ತಿರುವಾಗಲೇ, ನನ್ನ ಜೊತೆ ಮನೆಗೆ ಬರಲು ನಿರಾಕರಿಸಿದಳು. ನಾನು ಮಕ್ಕಳ ಕಳ್ಳನಿರಬಹುದು ಎಂಬುದು ಅವಳ ಅಧಿಕೃತ ನಿಲುವು.

ಹಿನ್ನೆಲೆ ನಿವೇದಿಸುತ್ತೇನೆ. ಅನಘಾ ಮೂರನೇ ಕ್ಲಾಸು. ತುರ್ತು ಪರಿಸ್ಥಿತಿಗೆ ಮಕ್ಕಳನ್ನೂ ಟೀಚರುಗಳನ್ನೂ ಅಣಿ ಮಾಡಲು ಅವಳ ಶಾಲೆಯವರು ಮಾಕ್ ಡ್ರಿಲ್ ಇಟ್ಟಿದ್ದರು. ಬೆಂಕಿಯೋ ಭೂಕಂಪವೋ ಆದಾಗ ಮಕ್ಕಳು ಮೈದಾನಕ್ಕೆ ಬಂದರಷ್ಟೇ ಸಾಲದು. ಆ ಗದ್ದಲದಲ್ಲಿ ಯಾರ ಮಗು ಯಾರ ಕೈಗೆ ಹೋಗುತ್ತದೆ? ಅದಕ್ಕೇ ಪ್ರತಿ ಮನೆಯವರೂ ಒಂದು ಗುಟ್ಟಿನ ಪದ ಆರಿಸಿಕೊಳ್ಳಬೇಕು. ಕರೆದೊಯ್ಯಲು ಬಂದವರು ಅದನ್ನು ಮಗುವಿನ ಕಿವಿಯಲ್ಲಿ ಹೇಳಬೇಕು. ಮಗು ತಲೆಯಾಡಿಸಿದರೆ ಮಾತ್ರ ಬಿಡುಗಡೆ.

ಎಂಥ ರೋಮಾಂಚನ! ಕೇಂದ್ರ ಸರ್ಕಾರದ ಕಚೇರಿಯಲ್ಲಿ 'ಗೋಪ್ಯ' ಎಂಬ ಮುದ್ರೆಯ ಕಡತಗಳನ್ನು ಕಾಪಾಡಿ ನಿವೃತ್ತನಾದವನು ನಾನು (ಒಳಗಿರುತ್ತಿದ್ದುದು ಹೆಚ್ಚಾಗಿ ಫ್ಯಾನ್ ರಿಪೇರಿಯ ವಿಷಯ). ತಕ್ಷಣ ಊಟದ ಮೇಜಿನ ಬಳಿ ಉನ್ನತ ಮಟ್ಟದ ಸಭೆ ಕರೆದೆ. ಮಗ ಯಾವುದೋ ಇಂಗ್ಲಿಷ್ ಪದ ಸೂಚಿಸಿದ. ತಿರಸ್ಕರಿಸಿದೆ.

"ಕನ್ನಡದ್ದೇ ಇರ್ಲಿ. ಇಡೀ ಕೊಲ್ಕತ್ತಾದಾಗ ಯಾರಪ್ಪಗೂ ತಿಳಿಯೂದಿಲ್ಲ."

ಧಾರವಾಡದ ಅಪ್ಪಟ ಪದವೊಂದು ಆಯ್ಕೆಯಾಯಿತು. (ಇಲ್ಲಿ ಬರೆಯುವಂತಿಲ್ಲ. ಸಂಪಾದಕರು ಕೇಳಿದರೂ ಇಲ್ಲ.)

"ಕಿವ್ಯಾಗ ಹೇಳ್ಬೇಕ್ರೀ, ನೆನಪಿರ್ಲಿ," ಎಂದಳು ಹೆಂಡತಿ ಸುಮಿತ್ರಾ. ಅಂಥ ಮಾತಿಗೆಲ್ಲ ನಾನು ಉತ್ತರ ಕೊಡುವುದಿಲ್ಲ.

ಡ್ರಿಲ್ ಮಾತ್ರ ಭರ್ಜರಿ! ಸೈರನ್ ಕೂಗಿದ್ದೇ ತಡ, ಮಕ್ಕಳು ಬ್ಯಾಗು ಮುಟ್ಟದೆ, ನೂಕಾಡದೆ ಮೆಟ್ಟಿಲಿಳಿದು ಬಂದು ಮೈದಾನದಲ್ಲಿ ಸಾಲಾಗಿ ಕೂತರು. ಟೀಚರುಗಳು ತಲೆ ಎಣಿಸಿದರು. ಗೇಟಿನ ಹೊರಗೆ ಛತ್ರಿ ಹಿಡಿದು ನಿಂತಿದ್ದ ನಾವು ಹಿರಿಯರು ಚಪ್ಪಾಳೆ ತಟ್ಟಿದೆವು. ಆಮೇಲೆ ಬಂಗಾಳಿ ಅಜ್ಜಂದಿರು ಒಬ್ಬೊಬ್ಬರೇ ಒಳಹೋಗಿ, ಸೊಂಟ ಹಿಡಿದುಕೊಂಡು ಬಗ್ಗಿ, ಗೂಢಚಾರರಂತೆ ಪಿಸುಗುಟ್ಟಿ ಮೊಮ್ಮಕ್ಕಳನ್ನು ಬಿಡಿಸಿಕೊಂಡರು. ಪಾಪ, ಅವರದು ಬಂಗಾಳಿ ಪದ. ಪಿಸುಗುಟ್ಟದೆ ವಿಧಿಯಿಲ್ಲ.

ನನಗೇನು? ಗೇಟಿನಲ್ಲೇ ನಿಂತು, ಎದೆಯುಬ್ಬಿಸಿ, ಪದವನ್ನು ಘೋಷಿಸಿದೆ. ಕಾಗೆಗಳು ಹಾರಿದವು.

ಅನಘಾ ಏಳಲಿಲ್ಲ.

"ಅಜ್ಜಾ! ಸಬ್‌ನೇ ಸುನ್ ಲಿಯಾ. ಎಲ್ಲಾರೂ ಕೇಳಿಬಿಟ್ರು, ಈಗ ಅದು ಸೀಕ್ರೆಟ್ ಇಲ್ಲ. ಕ್ಯಾನ್ಸಲ್!"

"ಏ ಹುಚ್ಚಿ, ಇಲ್ಲಿ ಯಾರಿಗೆ ಕನ್ನಡ ತಿಳೀತದ?"

ಉತ್ತರ ಕೊಟ್ಟವನು ಗೇಟಿನ ದರ್ವಾನ. ಆ ಪದವನ್ನು ಧಾರವಾಡದ ರಾಗ ಸಮೇತ ಉಚ್ಚರಿಸಿ, "ದಾದು, ಅಬ್ ತೋ ಮೈ ಭೀ ಲೇ ಜಾ ಸಕ್ತಾ ಹೂಂ," ಎಂದು ನಕ್ಕ. ಇನ್ನು ತಾನೂ ಕರೆದೊಯ್ಯಬಹುದಂತೆ! ಪಕ್ಕದ ಅಜ್ಜಿಯೊಬ್ಬರು "ಕೀ ಮಿಷ್ಟಿ!" ಎಂದು ಸಿಹಿ ತಿಂದವರಂತೆ ಬಾಯಿ ಚಪ್ಪರಿಸಿ, ತಾವೂ ಒಮ್ಮೆ ಹೇಳಿ ನೋಡಿದರು.

"ನೋಡು, ನಾ ಹೇಳ್ಲಿಲ್ಲಾ?" ಎಂದಳು ಅನಘಾ.

ಕ್ಲಾಸ್ ಟೀಚರಿಗೆ ಮೇಲ್ಮನವಿ ಸಲ್ಲಿಸಿದೆ. ನನ್ನನ್ನು ದಿನಾ ನೋಡುವವರು. ಮಗು ಒಪ್ಪದೆ ಬಿಡುವಂತಿಲ್ಲ, ಸಾರಿ ಅಂಕಲ್ ಎಂದು ನಯವಾಗಿ ತಳ್ಳಿಹಾಕಿದರು.

ಪರವೂರಿನ ಕನ್ನಡಿಗರಾದ ನಾವು ನಮ್ಮ ಭಾಷೆಯನ್ನು ಬಾಗಿಲು ಹಾಕಿದ ಕೋಣೆ ಎಂದುಕೊಂಡಿದ್ದೇವೆ. ಮೆಟ್ರೋದಲ್ಲಿ ಎದುರು ಕೂತವರ ಮೂಗಿನ ವಿಮರ್ಶೆ, ತರಕಾರಿಯವನ ಮುಂದೆಯೇ ಅವನ ತಕ್ಕಡಿಯ ಮೇಲೆ ಅನುಮಾನ, ಬ್ಯಾಂಕಿನ ಓಟಿಪಿ, ಸಕಲವೂ ಏರುದನಿಯಲ್ಲಿ. ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ. ಆದರೆ ಕದಿಯುವವನಿಗೆ ಅರ್ಥವೇಕೆ? ಕಿವಿಯಿದ್ದರೆ ಸಾಲದೆ?

ಮೈದಾನ ಖಾಲಿಯಾಗುತ್ತಾ ಬಂತು. ಅವಳೊಬ್ಬಳೇ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಕಣ್ಣು ನನ್ನ ಮೇಲೇ ಇತ್ತು. ಓಡಿಬರಲು ಅವಳಿಗೂ ಆಸೆ. ಆದರೂ ಕದಲಲಿಲ್ಲ. ನನ್ನ ಸಿಟ್ಟು ಎಲ್ಲಿ ಇಳಿಯಿತೋ, ಹೆಮ್ಮೆ ಎಲ್ಲಿ ಏರಿತೋ ತಿಳಿಯಲಿಲ್ಲ. ಭೇಷ್! ಅಜ್ಜನಿಗೇ ಜಗ್ಗದವಳು ಇನ್ಯಾರಿಗೆ ಜಗ್ಗಿಯಾಳು?

ಕೊನೆಗೆ ಸುಮಿತ್ರಾಗೆ ಫೋನ್ ಮಾಡಿದೆ. ರಿಕ್ಷಾದಿಂದ ಇಳಿದವಳು ನನ್ನ ಕಡೆ ನೋಡಲೂ ಇಲ್ಲ. ನೇರ ಒಳಗೆ ಹೋಗಿ, ಬಗ್ಗಿ, ಅನಘಾಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ತಲೆಯಾಡಿಸಿ, ಚಂಗನೆ ಎದ್ದು ಅಜ್ಜಿಯನ್ನು ತಬ್ಬಿಕೊಂಡಳು.

"ಪದ ಕ್ಯಾನ್ಸಲ್ ಆಗಿತ್ತಲ್ಲ? ಮತ್ತೇನ ಹೇಳಿದಿ?"

"ಎರಡನೇದು."

"ಎರಡನೇದು ಯಾವಾಗ ಆತು?"

"ನೀವು ಮೊದಲನೇದು ಆರಿಸಿದ ದಿನಾನೇ. ನೀವು ಒದರ್ತೀರಿ ಅಂತ ನಮಗ ಗೊತ್ತಿತ್ತಲ್ರೀ."

ಯಾವ ಪದ ಎಂದು ಕೇಳಿದೆ. "ಸಾರಿ ಅಜ್ಜಾ," ಎಂದಳು ಅನಘಾ.

ಶಾಲೆ ಬೆಂಕಿಗೆ ಸಿದ್ಧವಾಗಿತ್ತು, ಭೂಕಂಪಕ್ಕೂ ಸಿದ್ಧವಾಗಿತ್ತು. ನನ್ನ ಮನೆ ನನಗೆ ಸಿದ್ಧವಾಗಿತ್ತು.

ನಿಮ್ಮ ಮನೆಯಲ್ಲಿ ಎರಡನೇ ಪದ ಯಾರಿಗೆ ಹೆದರಿ ಇಟ್ಟದ್ದು, ಎಂದಾದರೂ ಕೇಳಿದ್ದೀರಾ?